ನಾವೆಯೇ ಮನೆಯಾದವನು: ಜೋಷುವಾ ಸ್ಲೋಕಮ್

ಸಮುದ್ರವನ್ನು ಕುರಿತು ಬರೆಯಲು ಕೊಂಡ್ಲಹಳ್ಳಿಯ ಹುಡುಗನಿಗೆ ಏನು ಅಧಿಕಾರವೆಂದು ವಾಚಕ ಮಿತ್ರರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯವರಾದ ನಾವು ಶೇಂಗಾ ಹೊಲದ ಮೇಲೆ ಒಂದು ಮೋಡ ಹಾದುಹೋದರೂ ತಲೆಯೆತ್ತಿ ನೋಡುವವರು. ನಾನು ಈವರೆಗೆ ಸಮುದ್ರವನ್ನು ಕಂಡಿಲ್ಲ.

ಆದರೆ ನಮ್ಮದು ಕುರಿ ಸಾಕುವ ಮನೆ. ಮೇವು ತೀರಿದೊಡನೆ ತಂದೆಯವರು ಮಂದೆ ಹೊಡೆದುಕೊಂಡು ನೀರಾವರಿ ಸೀಮೆಗೆ ಹೊರಡುತ್ತಾರೆ. ಕಂಡವರ ಹೊಲದಲ್ಲಿ ಮಂದೆ ನಿಲ್ಲಿಸಬೇಕಾದರೆ ಹೊಲದವರ ಒಪ್ಪಿಗೆ ಬೇಕು. ನಾನು ವಿದ್ಯಾರ್ಥಿನಿಲಯ ಸೇರುವಾಗ ಒಂದು ಕಚೇರಿಯಲ್ಲಿ ವಾಸಸ್ಥಳದ ದೃಢೀಕರಣ ಪತ್ರ ಬೇಕೆಂದರು. ವರ್ಷದಲ್ಲಿ ಅರ್ಧಕಾಲ ಊರಿನಲ್ಲೇ ಇಲ್ಲದವರ ವಾಸ ಯಾವುದೆಂದು ಗುಮಾಸ್ತರು ಕೇಳಿದಾಗ ತಂದೆಯವರು ಉತ್ತರ ತೋಚದೆ ನಿಂತರು. ಮೂರು ಸಲ ಅಲೆದ ಮೇಲೆ ಕಾಗದ ದೊರಕಿತು. ಅದೇ ದಿನಗಳಲ್ಲಿ ಸ್ಲೋಕಮ್ಮನ ಪುಸ್ತಕ ನನ್ನ ಕೈಗೆ ಬಿದ್ದಿತು. ಒಬ್ಬನೇ ಹಾಯಿದೋಣಿಯಲ್ಲಿ ಭೂಮಂಡಲವನ್ನು ಸುತ್ತಿದ ಮೊದಲ ಮನುಷ್ಯನೆಂದು ಲೋಕವು ಆತನನ್ನು ಬಲ್ಲದು. ನನ್ನ ಗಮನವನ್ನು ಸೆಳೆದುದು ಆತನ ಕಾಗದಪತ್ರಗಳ ಪಾಡು.

ಸ್ಲೋಕಮ್ 1844ರ ಫೆಬ್ರವರಿ 20ರಂದು ಕೆನಡಾದ ನೋವಾ ಸ್ಕೋಷಿಯಾದಲ್ಲಿ ರೈತನ ಮನೆಯಲ್ಲಿ ಹುಟ್ಟಿದನು. ತಂದೆ ಆಮೇಲೆ ಬೆಸ್ತರಿಗೆ ಬೂಟು ಹೊಲಿಯುವ ಕಸುಬು ಹಿಡಿದನು. ಹುಡುಗನಿಗೆ ಆ ಕಸುಬು ಹಿಡಿಸಲಿಲ್ಲ. ತಾಯಿ ತೀರಿಕೊಂಡ ಮೇಲೆ ಹದಿನಾರನೆಯ ವಯಸ್ಸಿನಲ್ಲಿ ಹಡಗು ಹತ್ತಿದನು. ಮುಂದೆ ಅಮೆರಿಕದ ಪೌರನಾಗಿ ಹಡಗಿನ ಕಪ್ತಾನನಾದನು. 1871ರಲ್ಲಿ ಸಿಡ್ನಿಯಲ್ಲಿ ವರ್ಜೀನಿಯಾ ವಾಕರ್ ಎಂಬಾಕೆಯನ್ನು ಮದುವೆಯಾಗಿ ಹಡಗಿನಲ್ಲೇ ಸಂಸಾರ ಹೂಡಿದನು. ಏಳು ಮಕ್ಕಳು ಹಡಗಿನ ಮೇಲೋ ಬಂದರುಗಳಲ್ಲೋ ಹುಟ್ಟಿದರು. ಬದುಕಿ ಉಳಿದವರು ನಾಲ್ವರು. 1884ರಲ್ಲಿ ಬ್ಯೂನಸ್ ಐರಿಸ್ ಬಂದರಿನಲ್ಲಿ, ಆತನ ಸ್ವಂತ ಹಡಗಾದ ಅಕ್ವಿಡ್ನೆಕ್ಕಿನಲ್ಲಿಯೇ, ವರ್ಜೀನಿಯಾ ಕಣ್ಣುಮುಚ್ಚಿದಳು. ಎರಡು ವರ್ಷಗಳ ಮೇಲೆ ಹೆನ್ರಿಯೆಟಾ ಎಂಬಾಕೆಯನ್ನು ಕೈಹಿಡಿದನು.

ಆ ಕಾಲದಲ್ಲಿ ಇಂದಿನಂತೆ ವೀಸಾ ಇರಲಿಲ್ಲವೆಂದು ನಾವಿಕನಿಗೆ ಸುಖವಿತ್ತೆಂದು ತಿಳಿಯಬಾರದು. ಅರ್ಜೆಂಟೀನಾದ ರೊಸಾರಿಯೊದಲ್ಲಿ ಒಣಹುಲ್ಲು ತುಂಬಿಕೊಂಡು ಆತನು ಬ್ರೆಜಿಲ್ಲಿಗೆ ಹೊರಟನು. ಅಷ್ಟರಲ್ಲಿ ಕಾಲರಾ ಹರಡಿತ್ತು. ಅರ್ಜೆಂಟೀನಾದಿಂದ ಬರುವ ನೌಕೆಗಳಿಗೆ ಬ್ರೆಜಿಲ್ ಸರ್ಕಾರ ಬಂದರುಗಳನ್ನು ಮುಚ್ಚಿಬಿಟ್ಟಿತು. ಇಲ್ಯಾ ಗ್ರಾಂಡೆಯ ಬಳಿ ಕಾವಲು ಹಡಗಿನವರು ಬಂದ ದಾರಿ ಹಿಡಿಯೆಂದು ಅಟ್ಟಿದರು. ಹುಲ್ಲಿನ ಹೊರೆಯೊಡನೆ ಮರಳಿ ರೊಸಾರಿಯೊಗೆ ಹೋಗಿ, 1887ರಲ್ಲಿ ಬಂದರುಗಳು ತೆರೆಯುವವರೆಗೆ ಕಾದನು. ಅದೇ ವರ್ಷದ ಕೊನೆಗೆ ಬ್ರೆಜಿಲ್ಲಿನ ಪರನಗುವಾ ಕೊಲ್ಲಿಯಲ್ಲಿ ಅಕ್ವಿಡ್ನೆಕ್ ಮರಳದಿಬ್ಬಕ್ಕೆ ಬಡಿದು ನಾಶವಾಯಿತು. ಪರದೇಶ, ಕೈಯಲ್ಲಿ ಕಾಸಿಲ್ಲ, ಜೊತೆಗೆ ಹೆಂಡತಿ, ಇಬ್ಬರು ಮಕ್ಕಳು.

ಸ್ಲೋಕಮ್ ಅಲ್ಲಿಯೇ ಮರ ಕಡಿದು 35 ಅಡಿಯ ದೋಣಿ ಕಟ್ಟಿದನು. ಅದನ್ನು ನೀರಿಗಿಳಿಸಿದ ದಿನ, 1888ರ ಮೇ 13, ಬ್ರೆಜಿಲ್ಲಿನಲ್ಲಿ ಗುಲಾಮಗಿರಿ ರದ್ದಾದ ದಿನವಾಗಿತ್ತು. ಆದುದರಿಂದ ಅದಕ್ಕೆ ಲಿಬರ್ದಾದೆ, ಎಂದರೆ ಸ್ವಾತಂತ್ರ್ಯ, ಎಂದು ಹೆಸರಿಟ್ಟನು. ಹೆಸರೇನೋ ಸ್ವಾತಂತ್ರ್ಯ, ಆದರೆ ಹೊರಡಲು ರಹದಾರಿ ಬೇಡವೆ? ಯಾವ ದಫ್ತರದಲ್ಲೂ ದಾಖಲಾಗದ ಈ ದೋಣಿಗೆ ಹಡಗಿನ ಕಾಗದ ಸಿಕ್ಕುವಂತಿರಲಿಲ್ಲ. ಆತನು ಮೀನು ಹಿಡಿಯುವ ಪರವಾನಗಿಯನ್ನು ಬೇಡಿದನು, ಬಂದರಿನ ಒಳಗೂ ಹೊರಗೂ ಹಿಡಿಯುವಂತೆ. ಹೊರಗೆ ಎಂದರೆ ಎಷ್ಟು ದೂರವೆಂಬುದೇ ಅದರ ಗುಟ್ಟು. ಈ ಪರವಾನಗಿಯ ಬಲದಿಂದ ಸುಮಾರು 5,500 ಮೈಲಿ ಸಾಗಿ ಅದೇ ವರ್ಷ ಅಮೆರಿಕವನ್ನು ಮುಟ್ಟಿದನು! ಇದರಲ್ಲಿ ಮೋಸವಿದೆಯೆ ಎಂದು ನಾನು ಬಹಳ ಯೋಚಿಸಿದ್ದೇನೆ. ದಾರಿಯಲ್ಲಿ ಗಾಳ ಹಾಕಿದ್ದರೆ ಸುಳ್ಳಾಗಲಿಲ್ಲವಷ್ಟೆ.

ಸ್ಪ್ರೇ ಎಂಬ ಪ್ರಸಿದ್ಧ ದೋಣಿಯ ಕಥೆ ಹಲವರಿಗೆ ಗೊತ್ತಿರುವುದರಿಂದ ಬೆಳೆಸುವುದಿಲ್ಲ. ಹೊಲದಲ್ಲಿ ಬಿದ್ದಿದ್ದ ಹಳೆಯ ದೋಣಿಯನ್ನು ಹದಿಮೂರು ತಿಂಗಳು ದುಡಿದು, 553 ಡಾಲರ್ 62 ಸೆಂಟು ಖರ್ಚು ಮಾಡಿ ಹೊಸದಾಗಿಸಿ, 1895ರ ಏಪ್ರಿಲ್ 24ರಂದು ಬಾಸ್ಟನ್ನಿನಿಂದ ಹೊರಟನು. ಮೂರು ವರ್ಷ ಅದೇ ಆತನ ಮನೆ, ಅಡಿಗೆಮನೆ, ಪುಸ್ತಕಭಂಡಾರ. ಬಹುಪಾಲು ಬಂದರುಗಳವರು ಶುಲ್ಕ ಕೇಳಲಿಲ್ಲ. ಆದರೆ ಮೆಲ್ಬರ್ನಿನಲ್ಲಿ ಹನ್ನೆರಡು ಟನ್ನಿಗೆ ಆರು ಷಿಲಿಂಗು, ಮೇಲಿನ ಚೂರಿಗೆ ಆರು ಪೆನ್ಸು ವಸೂಲು ಮಾಡಿದರು. ಸ್ಲೋಕಮ್ ಜಗಳವಾಡಲಿಲ್ಲ; ದೋಣಿ ನೋಡಬಂದವರಿಂದ ತಲೆಗೆ ಆರು ಪೆನ್ಸಿನಂತೆ ಎತ್ತಿದನು. ಜನ ಕಡಿಮೆಯಾದಾಗ ಒಂದು ಷಾರ್ಕ್ ಮೀನು ಹಿಡಿದು ಅದನ್ನು ತೋರಿಸಿ ಸಂಪಾದಿಸಿದನು.

ಆತನು ಒಂಟಿಯಾಗಿಯೇ ಬಂದನೆಂದು ನಂಬದವರೂ ಇದ್ದರು. ಅದಕ್ಕಾಗಿ 1898ರಲ್ಲಿ ಅಸೆನ್ಷನ್ ದ್ವೀಪದಲ್ಲಿ ತಾನಾಗಿಯೇ ಕೇಳಿಕೊಂಡು ದೋಣಿಯನ್ನು ಶೋಧ ಮಾಡಿಸಿ, ಹೊಗೆ ಹಾಕಿಸಿ, ಒಳಗೆ ಇನ್ನೊಬ್ಬ ಮನುಷ್ಯನಿಲ್ಲವೆಂದು ಅಧಿಕಾರಿಯಿಂದ ಬರೆಸಿಕೊಂಡನು. ನನಗೆ ನಗುವೂ ಬಂದಿತು, ಸಂಕಟವೂ ಆಯಿತು. ಸಾಗರಗಳನ್ನು ದಾಟಿದವನಿಗೂ ತಾನು ಒಬ್ಬನೇ ಎನ್ನಲು ಮೊಹರು ಬೇಕಾಯಿತು! ಆ ವರ್ಷ ಜೂನ್ 27ರಂದು, ಸುಮಾರು 46,000 ಮೈಲಿಗಳ ಮೇಲೆ, ನ್ಯೂಪೋರ್ಟ್ ತಲಪಿದನು.

ಈಗ ದೋಣಿವಾಸಿಗಳ ಪಾಡು ಇನ್ನೂ ವಿಚಿತ್ರ. ಯೂರೋಪಿನ ಷೆಂಗೆನ್ ದೇಶಗಳಲ್ಲಿ ಹೊರಗಿನ ಪ್ರವಾಸಿ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಆತನ ದೋಣಿಯಾದರೋ ಯೂರೋಪಿಯನ್ ಒಕ್ಕೂಟದಲ್ಲಿ ಸುಂಕವಿಲ್ಲದೆ 18 ತಿಂಗಳು ಇರಬಹುದು. ಮನುಷ್ಯನಿಗಿಂತ ಹಲಗೆಗೆ ಹೆಚ್ಚು ಕಾಲದ ಆತಿಥ್ಯ.

1902ರಲ್ಲಿ ಸ್ಲೋಕಮ್ ಮಾರ್ಥಾಸ್ ವಿನ್ಯಾರ್ಡ್ ದ್ವೀಪದಲ್ಲಿ ಹೊಲ ಕೊಂಡು ಬೇಸಾಯ ಹೂಡಿದನು. ಮೊದಲ ಬಾರಿಗೆ ಆತನಿಗೊಂದು ನೆಲದ ವಿಳಾಸವಾಯಿತು. ಕಾಲು ಮಾತ್ರ ಅಲ್ಲಿ ನಿಲ್ಲಲಿಲ್ಲ. ಚಳಿಗಾಲ ಬಂದರೆ ಸ್ಪ್ರೇಯನ್ನೇರಿ ದಕ್ಷಿಣಕ್ಕೆ ಹೊರಡುತ್ತಿದ್ದನು. 1909ರ ನವೆಂಬರಿನಲ್ಲಿ, ತನ್ನ 65ನೆಯ ವಯಸ್ಸಿನಲ್ಲಿ ಹಾಗೆಯೇ ಹೊರಟವನು ಮತ್ತೆ ಕಾಣಲಿಲ್ಲ. ಹೆಣವಿಲ್ಲದೆ ಸಾವಿಗೆ ದಾಖಲೆಯೆಲ್ಲಿಂದ? ಆತನು ಸತ್ತನೆಂದು ಕಾನೂನು ಒಪ್ಪಿಕೊಂಡುದು 1924ರಲ್ಲಿ.

ಕಳೆದ ರಜೆಯಲ್ಲಿ ಈ ಕಥೆಯನ್ನು ತಂದೆಯವರಿಗೆ ಹೇಳಿದೆನು. ಮೀನಿನ ಪರವಾನಗಿಗೆ ನಕ್ಕರು. ಕೊನೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, ದೋಣಿಯಾದರೂ ಸಿಕ್ಕಿತೇ ಎಂದು ಕೇಳಿದರು. ಸಿಕ್ಕಲಿಲ್ಲವೆಂದೆನು.