ಒಂದನೇ ನಂಬರಿನ ಬ್ಯಾಡ್ಜ್

ಪುಣೆಗೆ ಬಂದು ಒಂಬತ್ತು ವರ್ಷವಾಯಿತು. ಹಡಪ್ಸರದಲ್ಲಿ ಬಾಡಿಗೆಗೆ ಹಿಡಿದ ಮೊದಲ ಮನೆಯ ಟೆರೇಸಿನಿಂದ ಆಗಾಗ ಒಂದು ಬಿಳಿ ವಿಮಾನ ಸದ್ದಿಲ್ಲದೆ ಸುತ್ತುವುದು ಕಾಣುತ್ತಿತ್ತು. ಅಲ್ಲೊಂದು ಸರ್ಕಾರಿ ಗ್ಲೈಡಿಂಗ್ ಸೆಂಟರ್ ಇದೆಯೆಂದು ಆಮೇಲೆ ತಿಳಿಯಿತು. ನೆಲದ ಮೇಲಿನ ವಿಂಚ್ ಯಂತ್ರ ಕೇಬಲ್ಲಿನಿಂದ ಎಳೆದು ಗ್ಲೈಡರನ್ನು ಮೇಲಕ್ಕೇರಿಸುತ್ತದೆ. ಕೇಬಲ್ ಕಳಚಿದ ಮೇಲೆ ಪೈಲಟ್ ಉಂಟು, ಗಾಳಿ ಉಂಟು. ನಮ್ಮ ಗದಗದ ಕಡೆ ಬೇಸಿಗೆ ಮಧ್ಯಾಹ್ನ ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರುವುದನ್ನು ನೋಡಿ ಬೆಳೆದವನಿಗೆ ಅದು ಪರಿಚಿತ ದೃಶ್ಯವೇ.

ಆ ದಿನಗಳಲ್ಲಿ ನಾನೂ ಬ್ಯಾಡ್ಜ್‌ಗಳ ಬೆನ್ನು ಹತ್ತಿದ್ದೆ. ಐಟಿಯಲ್ಲಿ ಇರುವವರಿಗೆ ಇದು ಗೊತ್ತು. ಕ್ಲೌಡ್ ಪರೀಕ್ಷೆ, ಸೆಕ್ಯುರಿಟಿ ಪರೀಕ್ಷೆ, ಪಾಸಾದರೆ ಪ್ರೊಫೈಲಿನಲ್ಲಿ ಒಂದು ಬಣ್ಣದ ಚಿತ್ರ. ಎರಡು ವರ್ಷದಲ್ಲಿ ಆರು ಗಳಿಸಿದೆ. ಅದರಲ್ಲಿ ಮೂರನ್ನು ಹಳೆಯ ಪ್ರಶ್ನೆಗಳ ಪಟ್ಟಿ ಬಾಯಿಪಾಠ ಮಾಡಿ ಗಳಿಸಿದ್ದು. ಒಂದು ರಾತ್ರಿ ಎರಡು ಗಂಟೆಗೆ ಗ್ರಾಹಕರ ಸರ್ವರ್ ಬಿದ್ದಾಗ ಫೋನ್ ಬಂದದ್ದು ನನಗೇ. ಆ ವಿಷಯದ ಬ್ಯಾಡ್ಜ್ ನನ್ನ ಹತ್ತಿರ ಇತ್ತಲ್ಲ! ಏನು ಮಾಡಬೇಕೆಂದು ತೋಚಲಿಲ್ಲ. ಕೊನೆಗೆ ಒಂದೂ ಸರ್ಟಿಫಿಕೇಟ್ ಇಲ್ಲದ ಜೂನಿಯರ್ ಹುಡುಗಿ ಅದನ್ನು ಸರಿಪಡಿಸಿದಳು. ಬೆಳಿಗ್ಗೆ ಯಾರೂ ನನ್ನನ್ನು ಬೈಯಲಿಲ್ಲ. ಆದರೆ ಬ್ಯಾಡ್ಜ್ ಎಂಬುದಕ್ಕೆ ನಿಜವಾಗಿ ಏನಾದರೂ ಬೆಲೆ ಇದೆಯೇ ಎಂಬ ಪ್ರಶ್ನೆ ಅಂದಿನಿಂದ ಹೋಗಲಿಲ್ಲ. ಹಡಪ್ಸರದ ಗ್ಲೈಡರುಗಳ ಬಗ್ಗೆ ಓದುತ್ತಾ ಹೋದಾಗ ಸಿಕ್ಕ ಒಬ್ಬ ಮನುಷ್ಯನ ಬದುಕಿನಲ್ಲಿ ಅದಕ್ಕೆ ಅರ್ಧ ಉತ್ತರವಿತ್ತು.

ಆತನ ಹೆಸರು ರಾಬರ್ಟ್ ಕ್ರೋನ್‌ಫೆಲ್ಡ್. ಹುಟ್ಟಿದ್ದು 1904ರ ಮೇ 5ರಂದು, ಆಸ್ಟ್ರಿಯಾದ ಯಹೂದಿ ಕುಟುಂಬದಲ್ಲಿ. ಹಾರುವ ಆಸೆ ಅವನನ್ನು ಪಕ್ಕದ ಜರ್ಮನಿಗೆ ಕರೆದೊಯ್ಯಿತು. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಗೆ ವರ್ಸೇಲ್ಸ್ ಒಪ್ಪಂದ ಎಂಜಿನ್ ವಿಮಾನಗಳ ಮೇಲೆ ಕಟ್ಟುನಿಟ್ಟು ಹಾಕಿತ್ತು. ಹಾಗಾಗಿ ಅಲ್ಲಿನ ಯುವಕರು ಎಂಜಿನ್ ಇಲ್ಲದೆ ಹಾರಲು ಹೊರಟರು. ರ‍್ಹೋನ್ ಪ್ರದೇಶದ ವಾಸರ್‌ಕುಪ್ಪೆ ಎಂಬ ಬೆಟ್ಟ ಅವರ ಗರಡಿಮನೆ. 1920ರಿಂದ ಅಲ್ಲಿ ಪ್ರತಿ ಬೇಸಿಗೆ ಸ್ಪರ್ಧೆ ನಡೆಯುತ್ತಿತ್ತು.

ಶುರುವಿನಲ್ಲಿ ಅವರಿಗೆ ಗೊತ್ತಿದ್ದದ್ದು ಒಂದೇ ಉಪಾಯ. ಬೆಟ್ಟಕ್ಕೆ ಡಿಕ್ಕಿ ಹೊಡೆದ ಗಾಳಿ ಮೇಲಕ್ಕೇ ಹೋಗಬೇಕು, ಆ ಗಾಳಿಯ ಮೇಲೆ ಕುಳಿತು ಬೆಟ್ಟದ ಸಾಲಿನುದ್ದಕ್ಕೂ ಓಡಾಡಬೇಕು. ಕಪ್ಪತಗುಡ್ಡದ ನೆತ್ತಿಯ ಮೇಲಿನ ಗಾಳಿಗಿರಣಿಗಳನ್ನು ನೋಡಿದವರಿಗೆ ಬೆಟ್ಟದ ಗಾಳಿಯ ಬಲ ಎಂಥದೆಂದು ಹೇಳಬೇಕಿಲ್ಲ. 1929ರ ಮೇ 15ರಂದು ಕ್ರೋನ್‌ಫೆಲ್ಡ್ ಟ್ಯೂಟೊಬರ್ಗ್ ಕಾಡಿನ ಬೆಟ್ಟಸಾಲಿನ ಗುಂಟ 102 ಕಿಲೋಮೀಟರ್ ಹಾರಿದ. ಗ್ಲೈಡರಿನಲ್ಲಿ ನೂರರ ಗಡಿ ದಾಟಿದ ಮೊದಲ ಮನುಷ್ಯ ಅವನೇ.

ನನಗೆ ಇಷ್ಟವಾದದ್ದು ಅದರ ಹಿಂದಿನ ಎಂಜಿನಿಯರಿಂಗ್. ಬೆಟ್ಟ ಬಿಟ್ಟು ಬಯಲಿಗೆ ಬಂದರೆ ಗಾಳಿ ಎಲ್ಲಿ ಏರುತ್ತಿದೆಯೆಂದು ತಿಳಿಯುವುದು ಹೇಗೆ? ನಮ್ಮ ದೇಹಕ್ಕೆ ವೇಗ ಬದಲಾದರೆ ಗೊತ್ತಾಗುತ್ತದೆ, ಒಂದೇ ವೇಗದಲ್ಲಿ ಏರುತ್ತಿದ್ದರೆ ಗೊತ್ತಾಗುವುದಿಲ್ಲ. ಲಿಫ್ಟಿನಲ್ಲಿ ಹೊರಡುವಾಗ ಮತ್ತು ನಿಲ್ಲುವಾಗ ಮಾತ್ರ ಹೊಟ್ಟೆ ಎತ್ತಿಹಾಕಿದಂತಾಗುತ್ತದಲ್ಲ, ಹಾಗೆ. ವಿಮಾನ ವಿನ್ಯಾಸಕ ಅಲೆಕ್ಸಾಂಡರ್ ಲಿಪ್ಪಿಶ್ ಸೂಚಿಸಿದ ವೇರಿಯೋಮೀಟರ್ ಎಂಬ ಉಪಕರಣವನ್ನು ಗ್ಲೈಡರಿನಲ್ಲಿ ಬಳಸಿದ ಮೊದಲಿಗರಲ್ಲಿ ಕ್ರೋನ್‌ಫೆಲ್ಡ್ ಒಬ್ಬ. ತತ್ವ ಸರಳ. ಒಂದು ಗಾಳಿ ತುಂಬಿದ ಬಾಟಲಿ, ಅದರಿಂದ ಹೊರಕ್ಕೆ ಒಂದು ಸಣ್ಣ ಕೊಳವೆ. ಮೇಲೇರಿದಂತೆ ಹೊರಗಿನ ಒತ್ತಡ ಇಳಿದು ಬಾಟಲಿಯ ಗಾಳಿ ಹೊರಗೆ ಹರಿಯುತ್ತದೆ, ಆ ಹರಿವನ್ನು ಮುಳ್ಳು ತೋರಿಸುತ್ತದೆ. ಹದ್ದಿಗೆ ಹುಟ್ಟಿನಿಂದ ಬಂದದ್ದು ಮನುಷ್ಯನಿಗೆ ಒಂದು ಬಾಟಲಿಯಿಂದ ಬಂತು.

ಅವನ ಗ್ಲೈಡರಿನ ಹೆಸರು ವೀನ್, ಅಂದರೆ ವಿಯೆನ್ನಾ. ಆಮೇಲಿನದಕ್ಕೆ ಆಸ್ಟ್ರಿಯಾ ಎಂದೇ ಹೆಸರು. ಪರವೂರಿನಲ್ಲಿ ಹೋಟೆಲ್ ತೆರೆದು ಉಡುಪಿ ಎಂದು ಬೋರ್ಡು ಹಾಕುವ ನಮ್ಮವರು ನೆನಪಾದರು. ಈ ಆಸ್ಟ್ರಿಯಾದ ರೆಕ್ಕೆಯ ಅಗಲ 30 ಮೀಟರ್. ನಾವು ಊರಿಗೆ ಹೋಗಿಬರುವ ಏರ್‌ಬಸ್ ಎ320ರ ರೆಕ್ಕೆಗಿಂತ ಕೆಲವೇ ಮೀಟರ್ ಕಡಿಮೆ, ಒಳಗೆ ಮಾತ್ರ ಒಬ್ಬನೇ ಮನುಷ್ಯ. 1932ರಲ್ಲಿ ಮೋಡದೊಳಗೆ ಅದು ಮುರಿದುಹೋಯಿತು. ಅವನು ಪ್ಯಾರಾಚೂಟಿನಿಂದ ಬದುಕಿದ. ಅದಕ್ಕೂ ಮೊದಲು, 1931ರ ಜೂನ್ 20ರಂದು, ವೀನ್‌ನಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಒಂದೇ ದಿನ ಎರಡೂ ದಿಕ್ಕಿಗೆ ದಾಟಿ ಡೈಲಿ ಮೇಲ್ ಪತ್ರಿಕೆಯ ಸಾವಿರ ಪೌಂಡ್ ಬಹುಮಾನ ಗೆದ್ದಿದ್ದ.

ಅದೇ ಕಾಲದಲ್ಲಿ ಸಿಲ್ವರ್ ಸಿ ಬ್ಯಾಡ್ಜ್ ಬಂತು. ನೀಲಿ ಹಿನ್ನೆಲೆಯಲ್ಲಿ ಮೂರು ಬಿಳಿ ಕಡಲಹಕ್ಕಿ, ಸುತ್ತ ಬೆಳ್ಳಿಯ ಹಾರ. ಅದಕ್ಕೆ ಮೂರು ಷರತ್ತು: ಐದು ಗಂಟೆ ಹಾರಬೇಕು, 50 ಕಿಲೋಮೀಟರ್ ದೂರ ಕ್ರಮಿಸಬೇಕು, 1,000 ಮೀಟರ್ ಎತ್ತರ ಗಳಿಸಬೇಕು. ಒಂಟಿಯಾಗಿ. ಎತ್ತರಕ್ಕೆ ಸಾಕ್ಷಿ ಸೀಲು ಮಾಡಿದ ಬ್ಯಾರೋಗ್ರಾಫ್ ಪೆಟ್ಟಿಗೆ, ಅದರ ಮೇಲೆ ವೀಕ್ಷಕರ ಸಹಿ. ಹಳೆಯ ಪ್ರಶ್ನೆಪತ್ರಿಕೆ ಬಾಯಿಪಾಠ ಮಾಡಿ ಐದು ಗಂಟೆ ಗಾಳಿಯಲ್ಲಿ ಇರಲಾಗದು. ದೂರದ ಷರತ್ತು ಎಂದರೆ ನಮ್ಮ ಮೈದಾನ ಕಣ್ಣಿಗೆ ಕಾಣದಷ್ಟು ದೂರ ಹೋಗುವುದು, ಗಾಳಿ ಕೈಕೊಟ್ಟರೆ ಯಾರದೋ ಹೊಲದಲ್ಲಿ ಇಳಿಯುವುದು. ಮನೆ ಬಿಟ್ಟು ಹೋಗುವ ಧೈರ್ಯವನ್ನೇ ಅದು ಪರೀಕ್ಷೆ ಮಾಡುತ್ತದೆ. ಆ ಬ್ಯಾಡ್ಜಿನ ಒಂದನೇ ನಂಬರ್ ಕ್ರೋನ್‌ಫೆಲ್ಡ್‌ಗೆ, ಎರಡನೆಯದು ವುಲ್ಫ್ ಹಿರ್ತ್‌ಗೆ. ಇಂದಿಗೂ ಜಗತ್ತಿನ ಗ್ಲೈಡರ್ ಪೈಲಟ್‌ಗಳು ಹೆಚ್ಚುಕಡಿಮೆ ಅದೇ ಮೂರು ಮೆಟ್ಟಿಲು ಹತ್ತುತ್ತಾರೆ.

ಆದರೆ 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. ಯಹೂದಿಯಾದವನಿಗೆ ಜರ್ಮನಿಯ ಆಕಾಶದಲ್ಲಿ ಜಾಗ ಇಲ್ಲವಾಯಿತು. ಅವನು ಎಷ್ಟು ದೂರ ಹಾರಿದ್ದ, ಎದೆಯ ಮೇಲಿನ ಬ್ಯಾಡ್ಜಿನ ನಂಬರ್ ಎಷ್ಟು ಎಂದು ಯಾರೂ ಕೇಳಲಿಲ್ಲ. ಕೇಳಿದ್ದು ಅವನ ಹುಟ್ಟನ್ನು ಮಾತ್ರ. ಅವನು ಆಸ್ಟ್ರಿಯಾಕ್ಕೆ ಹೋದ, ಅಲ್ಲಿಂದ ಇಂಗ್ಲೆಂಡಿಗೆ. ಸಂಬಳಕ್ಕಾಗಿ ಊರು ಬಿಟ್ಟು ದೀಪಾವಳಿಗೆ ಬಸ್ ಹತ್ತುವ ನನ್ನ ವಲಸೆಯನ್ನು ಇದಕ್ಕೆ ಹೋಲಿಸಿದರೆ ತಪ್ಪಾಗುತ್ತದೆ. ಆದರೂ ಇಲ್ಲಿಗೆ ಬಂದಾಗ ಓದು ನಿಲ್ಲಿಸಿ ಸುಮ್ಮನೆ ಕೂತಿದ್ದೆ.

ಅಲ್ಲಿ ಅವನು ಮತ್ತೆ ಶುರುಮಾಡಿದ. 1939ರಲ್ಲಿ ಬ್ರಿಟಿಷ್ ಪ್ರಜೆಯಾದ. ಯುದ್ಧಕಾಲದಲ್ಲಿ ರಾಯಲ್ ಏರ್ ಫೋರ್ಸ್ ಸೇರಿ ತನ್ನ ವಿದ್ಯೆಯನ್ನು ಗ್ಲೈಡರ್ ಪರೀಕ್ಷೆಗಳಿಗೆ ಕೊಟ್ಟ, ಏರ್ ಫೋರ್ಸ್ ಕ್ರಾಸ್ ಪಡೆದ. ಯುದ್ಧ ಮುಗಿದ ಮೇಲೆ ಜನರಲ್ ಏರ್‌ಕ್ರಾಫ್ಟ್ ಕಂಪನಿಯ ಟೆಸ್ಟ್ ಪೈಲಟ್. 1948ರ ಫೆಬ್ರವರಿ 12ರಂದು ಬಾಲವಿಲ್ಲದ ಹೊಸ ಮಾದರಿಯ ಗ್ಲೈಡರೊಂದನ್ನು ಹ್ಯಾಂಪ್‌ಷೈರಿನಲ್ಲಿ ಪರೀಕ್ಷಿಸುವಾಗ ಅದು ಹತೋಟಿ ತಪ್ಪಿ ಬಿತ್ತು. ಜೊತೆಗಿದ್ದ ವೀಕ್ಷಕ ಪ್ಯಾರಾಚೂಟಿನಿಂದ ಉಳಿದ. ಕ್ರೋನ್‌ಫೆಲ್ಡ್ ಉಳಿಯಲಿಲ್ಲ. ವಯಸ್ಸು 43.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಬ್ಯಾಡ್ಜ್ ಅವನನ್ನು ಕಾಪಾಡಲಿಲ್ಲ, ಅದು ಕಾಪಾಡುವ ವಸ್ತುವೂ ಅಲ್ಲ. ಆದರೆ ಅದನ್ನು ಗಳಿಸಲು ಕಲಿತದ್ದನ್ನು ಯಾರೂ ಕಿತ್ತುಕೊಳ್ಳಲಾಗಲಿಲ್ಲ. ಗಡಿ ದಾಟಿ ಅವನ ಜೊತೆ ಬಂದದ್ದು, ಹೊಸ ದೇಶದಲ್ಲಿ ಅನ್ನ ಕೊಟ್ಟದ್ದು ಅದೇ. ನನ್ನ ಆ ಮೂರು ಬ್ಯಾಡ್ಜ್‌ಗಳ ಹಿಂದೆ ಅಂಥದ್ದೇನೂ ಇರಲಿಲ್ಲ.

ಕಳೆದ ವರ್ಷ ಆ ಮೂರನ್ನೂ ಪ್ರೊಫೈಲಿನಿಂದ ತೆಗೆದೆ. ಅದರಲ್ಲಿ ಒಂದು ವಿಷಯವನ್ನು ಮೊದಲಿನಿಂದ ಕಲಿಯುತ್ತಿದ್ದೇನೆ. ಅಂದು ಸರ್ವರ್ ಎಬ್ಬಿಸಿದ ಹುಡುಗಿಯೇ ಹೇಳಿಕೊಡುತ್ತಾಳೆ, ಶನಿವಾರ ಬೆಳಿಗ್ಗೆ ಒಂದು ಗಂಟೆ. ಪರೀಕ್ಷೆಗೆ ಇನ್ನೂ ಹೆಸರು ಕೊಟ್ಟಿಲ್ಲ.