ಶ್ರೀಮತಿ ಮೇರಿ ಸೊಮರ್ವಿಲ್‌ರವರ ಚರಿತ್ರೆ

ಒಂದು ದೇಶದ ಪಂಡಿತರು ಕಂಡುಹಿಡಿದ ಸತ್ಯವು ಅವರ ಭಾಷೆಯನ್ನರಿಯದವರಿಗೆ ಬೀಗ ಹಾಕಿದ ಪೆಟ್ಟಿಗೆಯೊಳಗಿನ ಒಡವೆಯಂತೆ ಇರುವದು. ಅಂಥ ಪೆಟ್ಟಿಗೆಯೊಂದನ್ನು ತೆರೆದುಕೊಟ್ಟ ಸ್ತ್ರೀರತ್ನವೊಬ್ಬರ ಚರಿತ್ರೆಯನ್ನು ನಮ್ಮ ಪೂರ್ವವಿದ್ಯಾರ್ಥಿನಿಯರ ಹಾಗೂ ಪೋಷಕರ ಮುಂದಿಡುತ್ತೇವೆ.

ಮೇರಿಯವರು 1780ನೆಯ ಇಸವಿಯಲ್ಲಿ ಸ್ಕಾಟ್ಲೆಂಡಿನ ಜೆಡ್‌ಬರೋ ಎಂಬ ಊರಲ್ಲಿ ಹುಟ್ಟಿದರು. ತಂದೆಯವರು ನೌಕಾಸೈನ್ಯದ ಅಧಿಕಾರಿಗಳು. ಹೆಣ್ಣುಮಕ್ಕಳಿಗೆ ಹೊಲಿಗೆ, ಸಂಗೀತಗಳೇ ಸಾಕೆಂದು ತಿಳಿಯುತ್ತಿದ್ದ ಆ ಕಾಲದಲ್ಲಿ ಅವರಿಗೆ ದೊರೆತ ಶಾಲಾವಾಸವು ಒಂದು ವರ್ಷ ಮಾತ್ರ. ಲ್ಯಾಟಿನ್ ಭಾಷೆಯನ್ನು ತಾವಾಗಿಯೇ ಕಲಿಯತೊಡಗಿದರು. ತಮ್ಮನ ಉಪಾಧ್ಯಾಯರ ಮೂಲಕ ಯೂಕ್ಲಿಡನ ರೇಖಾಗಣಿತವನ್ನು ತರಿಸಿಕೊಂಡು ರಾತ್ರಿ ಓದುತ್ತಿರಲು, ಮನೆಯವರು ಮೇಣದ ಬತ್ತಿಯನ್ನೇ ತೆಗೆಸಿಬಿಟ್ಟರು. ಆದರೂ ಅವರು ಧೈರ್ಯಗೆಡದೆ, ಕಲಿತ ಪ್ರಮೇಯಗಳನ್ನು ಕತ್ತಲಲ್ಲಿಯೇ ಮನಸ್ಸಿನಲ್ಲಿ ಸಾಧಿಸುತ್ತಿದ್ದರು.

1804ರಲ್ಲಿ ವಿವಾಹವಾಗಿ, 1807ರಲ್ಲಿಯೇ ಎರಡು ಎಳೆಯ ಮಕ್ಕಳೊಡನೆ ವಿಧವೆಯಾದರು. 1812ರಲ್ಲಿ ಕೈಹಿಡಿದ ವೈದ್ಯರಾದ ವಿಲಿಯಂ ಸೊಮರ್ವಿಲ್‌ರವರಾದರೋ ಪತ್ನಿಯ ವ್ಯಾಸಂಗಕ್ಕೆ ಬೆಂಬಲವಾಗಿ ನಿಂತರು.

ಫ್ರಾನ್ಸಿನ ಮಹಾಗಣಿತಜ್ಞ ಲಾಪ್ಲಾಸರು 1799ರಿಂದ 1825ರ ವರೆಗೆ ಐದು ಸಂಪುಟಗಳಲ್ಲಿ ಗ್ರಹಗಳ ಚಲನೆಯನ್ನು ವಿವರಿಸಿದ್ದರು. ಆಂಗ್ಲರಿಗೆ ಆ ಗ್ರಂಥದ ಮುಂದೆ ಎರಡು ಗೋಡೆಗಳಿದ್ದವು: ಒಂದು ಫ್ರೆಂಚ್ ಭಾಷೆ, ಇನ್ನೊಂದು, ಬಹುಕಾಲ ನ್ಯೂಟನ್ನರ ಗಣಿತಚಿಹ್ನೆಗಳಿಗೇ ಅಂಟಿಕೊಂಡಿದ್ದವರಿಗೆ ಅಪರಿಚಿತವಾದ ಹೊಸ ಗಣಿತರೀತಿ. 1827ರಲ್ಲಿ ಲಾರ್ಡ್ ಬ್ರೂಮರು ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಡಲು ಕೇಳಿಕೊಂಡಾಗ, ಕೆಲಸವು ಗುಟ್ಟಾಗಿರಬೇಕು, ಬರಹವು ಯೋಗ್ಯವಾಗದಿದ್ದರೆ ಬೆಂಕಿಗೆ ಹಾಕಬೇಕು ಎಂಬ ಕರಾರಿನ ಮೇಲೆ ಮೇರಿಯವರು ಒಪ್ಪಿದರು. ಮನೆವಾರ್ತೆಯನ್ನೂ ಮಕ್ಕಳ ಪಾಠವನ್ನೂ ಬಿಡಲಿಲ್ಲ. ಅತಿಥಿಗಳು ಬಂದ ಗಂಟೆ ಕೇಳಿದೊಡನೆ ಕಾಗದಗಳನ್ನು ಮುಚ್ಚಿಡುತ್ತಿದ್ದರು. ಮಾತಿಗೆ ಮಾತು ಇಡುವದರಲ್ಲಿ ತೃಪ್ತರಾಗದೆ, ಲಾಪ್ಲಾಸರು ಹಾರಿಸಿಬಿಟ್ಟ ಮೆಟ್ಟಲುಗಳನ್ನು ತುಂಬಿ, ಚಿತ್ರಗಳನ್ನು ಬರೆದು, ಸಾಮಾನ್ಯರಿಗಾಗಿ ದೀರ್ಘವಾದ ಪೀಠಿಕೆಯನ್ನು ಸೇರಿಸಿದರು. 1831ರಲ್ಲಿ ಪ್ರಕಟವಾದ ಆ ಗ್ರಂಥವು ಕೇಂಬ್ರಿಜಿನಲ್ಲಿ ಪಠ್ಯಪುಸ್ತಕವಾಯಿತು. ಸ್ತ್ರೀಯರಿಗೆ ಪ್ರವೇಶವಿಲ್ಲದ ವಿದ್ಯಾಲಯದಲ್ಲಿ ಒಬ್ಬ ಸ್ತ್ರೀಯ ಪುಸ್ತಕದಿಂದ ಪುರುಷರು ಕಲಿತರು.

1872ರಲ್ಲಿ ನೇಪಲ್ಸ್ ಪಟ್ಟಣದಲ್ಲಿ, 91ನೆಯ ವಯಸ್ಸಿನಲ್ಲಿ, ಅವರು ದೈವಾಧೀನರಾದರು. 1879ರಲ್ಲಿ ಆಕ್ಸ್‌ಫರ್ಡಿನಲ್ಲಿ ಸ್ತ್ರೀಯರಿಗಾಗಿ ತೆರೆದ ವಿದ್ಯಾಲಯವೊಂದಕ್ಕೆ ಅವರ ಹೆಸರನ್ನಿಟ್ಟರು.

ಪ್ರಿಯ ಪೂರ್ವವಿದ್ಯಾರ್ಥಿನಿಯರೇ, ನೀವು ಪರಭಾಷೆಯಲ್ಲಿ ಕಲಿತ ಶಾಸ್ತ್ರವನ್ನು ಅದನ್ನರಿಯದ ತಾಯಿಗೂ ನೆರೆಯವರಿಗೂ ತಿಳಿಗನ್ನಡದಲ್ಲಿ ಹೇಳಿಕೊಡಿರಿ. ಪೋಷಕರೇ, ಮಗಳು ಓದುತ್ತಿರುವಾಗ ದೀಪವನ್ನು ತೆಗೆಸದಿರಿ ಎಂದು ಬೇಡಿಕೊಳ್ಳುತ್ತೇವೆ.