ಓಟಿಗಾಗಿ ನಕ್ಷತ್ರ ಬಿಟ್ಟ ಬ್ರಾಂಟಿಂಗ್

ಸ್ವೀಡನ್ ಅಂದ್ರೆ ಉಚಿತ ಶಿಕ್ಷಣ, ಎಲ್ಲರಿಗೂ ಆರೋಗ್ಯ ಸೇವೆ, ಪಿಂಚಣಿ ಅಂತ ಕೇಳಿರ್ತೀವಿ. ಆದರೆ 1880ರ ದಶಕದಲ್ಲಿ ಅಲ್ಲಿನ ಬಹುಪಾಲು ಕಾರ್ಮಿಕರಿಗೆ ಓಟೇ ಇರಲಿಲ್ಲ. ಸಂಸತ್ತಿನ ಕೆಳಮನೆಗೆ ಮತ ಹಾಕಲು ಗಂಡಸಾಗಿರಬೇಕಿತ್ತು. ಜೊತೆಗೆ ಆಸ್ತಿಯೋ, ವರ್ಷಕ್ಕೆ 800 ಕ್ರೋನಾ ಆದಾಯವೋ ಬೇಕಿತ್ತು. ಸ್ಥಳೀಯ ಚುನಾವಣೆಯಲ್ಲಂತೂ ಹೆಚ್ಚು ತೆರಿಗೆ ಕಟ್ಟುವವನಿಗೆ ಹೆಚ್ಚು ಓಟು!

ಇದನ್ನು ಬದಲಿಸಲು ಹೊರಟವರು ಯಾಲ್ಮಾರ್ ಬ್ರಾಂಟಿಂಗ್. 1860ರಲ್ಲಿ ಸ್ಟಾಕ್‌ಹೋಮ್‌ನ ಅನುಕೂಲಸ್ಥ ಮನೆಯಲ್ಲಿ ಹುಟ್ಟಿದವರು. ಉಪ್ಸಾಲಾದಲ್ಲಿ ಗಣಿತ, ಖಗೋಳವಿಜ್ಞಾನ ಓದಿ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದರು. ಅದನ್ನು ಬಿಟ್ಟು ಪತ್ರಕರ್ತರಾದರು. ಎಂಜಿನಿಯರಿಂಗ್ ಮುಗಿಸಿ ಈ ಕಸುಬಿಗೆ ಬಂದ ನನಗೆ ಮನೆಯವರ ಬೈಗುಳವಷ್ಟೇ ಸಿಕ್ಕಿತ್ತು. ಅವರಿಗೆ ಜೈಲು ಸಿಕ್ಕಿತು. ದೇವನಿಂದೆ ಎನಿಸಿದ ಲೇಖನವೊಂದನ್ನು ಮರುಮುದ್ರಿಸಿದ್ದೇ ಅಪರಾಧ.

1889ರಲ್ಲಿ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಹುಟ್ಟಿತು. 1896ರಲ್ಲಿ ಲಿಬರಲ್‌ಗಳ ಬೆಂಬಲದಿಂದ ಬ್ರಾಂಟಿಂಗ್ ಸಂಸತ್ತಿಗೆ ಹೋದರು. ಆರು ವರ್ಷ ಅಲ್ಲಿ ಪಕ್ಷದ ಏಕೈಕ ಸದಸ್ಯ. 1902ರಲ್ಲಿ ಮತದಾನದ ಹಕ್ಕಿಗಾಗಿ ಕಾರ್ಮಿಕರು ಮೂರು ದಿನ ದೇಶವ್ಯಾಪಿ ಮುಷ್ಕರ ಹೂಡಿದರು. ಹೊರಗೆ ಬೀದಿಯ ಒತ್ತಡ, ಒಳಗೆ ಮಾತುಕತೆ. ಇದೇ ಅವರ ದಾರಿ.

ಈ ದಾರಿ ಎಲ್ಲರಿಗೂ ಹಿಡಿಸಲಿಲ್ಲ. 1917ರಲ್ಲಿ ಪಕ್ಷ ಒಡೆಯಿತು. ಹೊರನಡೆದ ಎಡಬಣದ ಬೆನ್ನಿಗೆ ನಿಂತದ್ದು ಪಕ್ಷದ ಯುವ ಸಂಘಟನೆ. ಅದೇ ವರ್ಷ ಬ್ರಾಂಟಿಂಗ್ ಲಿಬರಲ್‌ಗಳ ಮೈತ್ರಿ ಸರ್ಕಾರ ಸೇರಿ ಕೆಲಕಾಲ ಹಣಕಾಸು ಸಚಿವರಾದರು. 1918ರ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ಕ್ರಾಂತಿಯಾದಾಗ ಸ್ವೀಡನ್ನಿನ ಎಡಪಂಥೀಯರು ಗಣರಾಜ್ಯ ಬೇಕೆಂದರು. ಬ್ರಾಂಟಿಂಗ್ ಅಷ್ಟು ದೂರ ಹೋಗಲಿಲ್ಲ. ಬೆದರಿದ ಸಂಪ್ರದಾಯವಾದಿಗಳಿಂದ ಓಟಿನ ಹಕ್ಕು ಪಡೆದರು, ರಾಜನ ಸಿಂಹಾಸನ ಹಾಗೇ ಉಳಿಯಿತು. 1921ರಲ್ಲಿ ಹೆಂಗಸರೂ ಮೊದಲ ಬಾರಿ ಸಂಸತ್ ಚುನಾವಣೆಯಲ್ಲಿ ಮತ ಹಾಕಿದರು.

1920ರಲ್ಲಿ ಅವರು ತಮ್ಮ ಪಕ್ಷದ ಮೊದಲ ಪ್ರಧಾನಿಯಾದರು. ಒಟ್ಟು ಮೂರು ಬಾರಿ ಆ ಹುದ್ದೆಗೇರಿದರೂ ಬಹುಮತ ಒಮ್ಮೆಯೂ ಇರಲಿಲ್ಲ. 1921ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡರು. 1925ರ ಫೆಬ್ರವರಿಯಲ್ಲಿ ತೀರಿಕೊಂಡರು. ನಾವು ಹೊಗಳುವ ಸ್ವೀಡನ್ನನ್ನು ಅವರು ನೋಡಲೇ ಇಲ್ಲ. ಪಕ್ಷ ಅದನ್ನು ಕಟ್ಟತೊಡಗಿದ್ದು 1932ರ ನಂತರ, ಅವರು ಗೆದ್ದುಕೊಟ್ಟ ಓಟುಗಳಿಂದ.

ಹಾಗಾದರೆ 1917ರಲ್ಲಿ ಹೊರನಡೆದ ಯುವಕರ ಸಿಟ್ಟು ಸುಳ್ಳಾ? ಅಲ್ಲ. 1921ರ ಆ ಚುನಾವಣೆಯಲ್ಲೂ ಬಡವರ ಪರಿಹಾರದ ಮೇಲೇ ಬದುಕುತ್ತಿದ್ದವರಿಗೆ ಓಟು ಇರಲಿಲ್ಲ. ಆ ಬೇಲಿ ಬಿದ್ದದ್ದು 1945ರಲ್ಲಿ. ರಾಜಿಯಿಂದ ಬಾಗಿಲು ತೆರೆಯಿತು, ನಿಜ. ತೀರಾ ಬಡವರು ಮಾತ್ರ ಹೊಸ್ತಿಲಾಚೆ ಇನ್ನೂ 24 ವರ್ಷ ಕಾದರು.